ಮೊದಲು ತೊಳೆದೆ, ಆಮೇಲೆ ಯೋಚಿಸಿದೆ

"ನಿನ್ನ ಗೊಂಬೆಗಳು. ಒಂದೋ ತಗೊಂಡು ಹೋಗು, ಇಲ್ಲಾ ನಾನೇ ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಅಂತ ಅಮ್ಮ ಪೆಟ್ಟಿಗೆ ತಂದು ಮುಂದೆ ಇಟ್ಟರು. ಗೊಂಬೆ ಅಲ್ಲಮ್ಮ, ಆಕ್ಷನ್ ಫಿಗರ್ ಅಂತ ತಿದ್ದಲು ಹೋದೆ. ನಿಜ ಹೇಳಬೇಕೆಂದರೆ ಅಮ್ಮ ಹೇಳಿದ್ದೇ ಸರಿ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಅನ್ನೋ ಸೈನಿಕನನ್ನು ತಂದಾಗ, ಗೊಂಬೆ ಅಂದರೆ ಹುಡುಗರು ಹತ್ತಿರ ಬರಲ್ಲ ಅಂತ ಈ ಹೊಸ ಹೆಸರು ಇಟ್ಟಿದ್ದು. ನೋಡಿದರೆ ಅದು 12 ಇಂಚಿನ, ಬಟ್ಟೆ ತೊಡಿಸುವ ಗೊಂಬೆಯೇ.

ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು 43. ಹೆಚ್ಚಿನವು ಜಿ.ಐ. ಜೋಗಳೇ. 1982ರಲ್ಲಿ ಶುರುವಾದ, ಬೆರಳುದ್ದದ, ಕಾಲು ಕಮ್ಮಿ ನಾಲ್ಕು ಇಂಚಿನ ಸರಣಿಯವು. ನಾಲ್ಕೈದು ಹೀ-ಮ್ಯಾನ್ ಜಾತಿಯವು, ಸೊಂಟ ತಿರುಗಿಸಿ ಬಿಟ್ಟರೆ ಗುದ್ದುವಂಥವು. ಒಂದು ಬಿಳಿ ರೋಬೋಟ್, ಈಗ ಹಳೇ ಹಲ್ಲಿನ ಬಣ್ಣಕ್ಕೆ ತಿರುಗಿದೆ. ಬಂದೂಕು, ಹೆಲ್ಮೆಟ್, ಬೆನ್ನಿನ ಚೀಲ ಒಂದೂ ಇಲ್ಲ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಕೂತ ತಕ್ಷಣ ಬೆಲೆ ಹುಡುಕಿದೆ. ಒಂದು ಗೊಂಬೆಗೆ ಕೇಳುತ್ತಿದ್ದ ದುಡ್ಡು ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ತಲೆ ಕೆಲಸ ಮಾಡಿತು. ಕೇಳುವ ಬೆಲೆ ಬೇರೆ, ಮಾರಿಹೋದ ಬೆಲೆ ಬೇರೆ. ಮಾರಿಹೋದವನ್ನು ಮಾತ್ರ ನೋಡಿದರೆ ಲೆಕ್ಕ ಸರ್ರನೆ ಕೆಳಗಿಳಿಯಿತು. ಅದೂ ಪ್ಯಾಕ್ ಒಡೆಯದ್ದಕ್ಕೆ, ಇಲ್ಲವೇ ಎಲ್ಲ ಆಯುಧಗಳ ಜೊತೆ ಇದ್ದದ್ದಕ್ಕೆ. ಬರಿಗೈ ಸೈನಿಕನಿಗೆ ಬೆಲೆ ಅಷ್ಟಕ್ಕಷ್ಟೆ. ಮೈಮೇಲೆ ಅಚ್ಚೊತ್ತಿರುವ ಇಸವಿ ನೋಡಿಯೂ ಹಿಗ್ಗಿದ್ದೆ. ಅದು ವಿನ್ಯಾಸದ ಹಕ್ಕು ಪಡೆದ ಇಸವಿ, ಆ ಗೊಂಬೆ ತಯಾರಾದ ಇಸವಿಯೇ ಆಗಬೇಕಿಲ್ಲ. ಅದೇ ಅಚ್ಚಿನಲ್ಲಿ ಎಷ್ಟೋ ವರ್ಷ ಆದ ಮೇಲೂ ಗೊಂಬೆ ತೆಗೆಯುತ್ತಾರೆ.

ಸರಿ, ಇಟ್ಟುಕೊಳ್ಳೋದಾ ಮಾರೋದಾ ಅನ್ನೋದನ್ನು ಪಕ್ಕಕ್ಕಿಟ್ಟು ಮೊದಲು ತೊಳೆಯೋಣ ಅಂದುಕೊಂಡೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಎರಡು ಹನಿ, ಮೆತ್ತಗಿನ ಹಳೇ ಟೂತ್‌ಬ್ರಷ್. ಸ್ಟಿಕ್ಕರ್ ಇರುವುದನ್ನು ನೆನೆಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ರೋಬೋಟಿನ ಬೆನ್ನಲ್ಲಿ ಸೆಲ್ ಸೋರಿ ಬಿಳಿ ಪುಡಿ ಕಟ್ಟಿತ್ತು. ಹತ್ತಿಕಡ್ಡಿಗೆ ವಿನೆಗರ್ ಹಚ್ಚಿ ಉಜ್ಜಿದೆ, ಬಿಟ್ಟಿತು. ಹಳದಿ ಹೋಗಿಸಲು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಡುವವರಿದ್ದಾರೆ. ಬೆಳ್ಳಗಾಗುತ್ತದೆ, ಆದರೆ ಎಷ್ಟೋ ಸಲ ಹಳದಿ ಮತ್ತೆ ಬರುತ್ತದೆ. ನಾನು ಆ ಗೋಜಿಗೆ ಹೋಗಲಿಲ್ಲ. ಬಣ್ಣ ಹೋದ ಕಡೆ ಹೊಸ ಬಣ್ಣವನ್ನೂ ಹಚ್ಚಲಿಲ್ಲ. ಹಚ್ಚಿದರೆ ಸಂಗ್ರಹಕಾರರು ಮೂಸಿಯೂ ನೋಡಲ್ಲ.

ಜೋಗಳ ಕಥೆ ಸ್ವಲ್ಪ ಬೇರೆ. ಕೈಗೆತ್ತಿಕೊಂಡರೆ ಸೊಂಟದಲ್ಲೇ ಎರಡು ತುಂಡು. ಒಳಗೆ ಒಂದು ಸಣ್ಣ ಕಪ್ಪು ರಬ್ಬರ್ ಉಂಗುರ ಇರುತ್ತದೆ, ಓ-ರಿಂಗ್. ಎದೆಯನ್ನೂ ಕಾಲನ್ನೂ ಎಳೆದು ಹಿಡಿದಿರುವುದು ಅದೊಂದೇ. ವರ್ಷಗಳು ಕಳೆದಂತೆ ಅದು ಒಣಗಿ ಪಟ್ ಅನ್ನುತ್ತದೆ. ಬೆನ್ನಲ್ಲಿ ಒಂದೇ ಒಂದು ಸ್ಕ್ರೂ. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸ್ಕ್ರೂ ತಲೆ ಸವೆದು ಕೂರುತ್ತದೆ. ಎದೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಉಂಗುರವನ್ನು ಕಾಲಿನ ಕೊಕ್ಕೆಗೆ ಸಿಕ್ಕಿಸಿ, ಸೊಂಟದ ತೂತಿನಿಂದ ಮೇಲೆಳೆದು, ಸ್ಕ್ರೂ ಕೂರುವ ಗೂಟಕ್ಕೆ ಹಾಕಿ, ತಲೆ ತೋಳು ಜಾಗಕ್ಕಿಟ್ಟು ಮುಚ್ಚಬೇಕು. ಮೊದಲನೆಯದಕ್ಕೆ ಅರ್ಧ ಗಂಟೆ ಹಿಡಿಯಿತು. ತೋಳು ಹಿಡಿದರೆ ತಲೆ ಉರುಳುತ್ತಿತ್ತು. ಹತ್ತನೆಯದು ಐದು ನಿಮಿಷದಲ್ಲಿ ಎದ್ದು ನಿಂತಿತು. ಹೊಸ ಉಂಗುರ ಹಾಕಿದ ಮೇಲೆ ಕಾಲು ಎಳೆದು ಬಿಟ್ಟರೆ ಟಕ್ ಅಂತ ಹಿಂದಕ್ಕೆ ಹೋಗುತ್ತದೆ. ಆ ಸದ್ದಿಗೆ ನಾನು ಎಂಟು ವರ್ಷದವನಾಗಿಬಿಟ್ಟೆ ನೋಡಿ.

ಒಂದು ಎಚ್ಚರಿಕೆ. ಕೈಯೊಳಗೆ ಬಂದೂಕು ತುರುಕಿ ನೋಡಬೇಡಿ. ಹಳೇ ಪ್ಲಾಸ್ಟಿಕ್ ಬಿರುಸಾಗಿರುತ್ತದೆ, ಹೆಬ್ಬೆರಳು ಮುರಿಯುತ್ತದೆ. ನನ್ನ ಹತ್ತಿರ ಬಂದೂಕು ಇರಲಿಲ್ಲ, ಪೆನ್ನಿನ ರೀಫಿಲ್ ತುರುಕಿಯೇ ಒಂದನ್ನು ಮುರಿದೆ.

ನನಗೇ ಗೊತ್ತಿಲ್ಲದೆ ತೀರ್ಮಾನ ಆಗಿದ್ದು ಈ ತೊಳೆಯೋ ಕೆಲಸದಲ್ಲೇ. ಕೆಲವನ್ನು ಬೇಗ ಮುಗಿಸಿ ಪಕ್ಕಕ್ಕೆ ಹಾಕುತ್ತಿದ್ದೆ. ಕೆಲವನ್ನು ಒರೆಸಿ ಆದ ಮೇಲೂ ಕೆಳಗಿಡುತ್ತಿರಲಿಲ್ಲ. ಮೂಗು ಸವೆದ ಒಬ್ಬ ಸೈನಿಕ, ಅವನೇ ಯಾವಾಗಲೂ ಮೊದಲು ಸಾಯುತ್ತಿದ್ದವನು, ಅವನನ್ನು ಎರಡು ಸಲ ತೊಳೆದೆ. ಮಾರಿದರೆ ಕಾಸೂ ಹುಟ್ಟಲ್ಲ. ಕೆಳಗಿಡಲು ಮನಸ್ಸಾಗದ ಒಂಬತ್ತನ್ನು ಇಟ್ಟುಕೊಂಡೆ. ಬಿಸಿಲು ಬೀಳದ ಕಪಾಟಿನಲ್ಲಿ ನಿಂತಿವೆ. ಒಂದರ ಮೆತ್ತನೆ ತಲೆ ಅಂಟಂಟಾಗಿದೆ. ಪ್ಲಾಸ್ಟಿಕ್ ಮೆತ್ತಗಿರಲು ಬೆರೆಸಿದ ವಸ್ತು ಹೊರಗೆ ಒಸರುತ್ತದಂತೆ. ಅದನ್ನು ಡಬ್ಬಿಗೆ ತುಂಬದೆ ಗಾಳಿಯಾಡುವಂತೆ ಬಿಟ್ಟಿದ್ದೇನೆ, ಆಗಾಗ ಒರೆಸುತ್ತೇನೆ.

ಪಕ್ಕದ ಮನೆ ಪುಟ್ಟ ಮಗುವಿಗೆ ಒಂದಷ್ಟು ಕೊಡೋಣ ಅನ್ನಿಸಿತ್ತು. ಬೇಡ ಅಂದುಕೊಂಡೆ. ಹಳೇ ಬಣ್ಣ, ಹಳೇ ಪ್ಲಾಸ್ಟಿಕ್ಕಿನಲ್ಲಿ ಸೀಸ ಇರುವ ಸಾಧ್ಯತೆ ಉಂಟು, ಬಾಯಿಗೆ ಹಾಕಿಕೊಳ್ಳುವ ವಯಸ್ಸಿಗೆ ಅದು ಸರಿಯಲ್ಲ. ಉಳಿದವನ್ನೆಲ್ಲ ಸಂಗ್ರಹಕಾರರೊಬ್ಬರಿಗೆ ಒಟ್ಟಿಗೇ ಮಾರಿದೆ. ಒಂದೊಂದಾಗಿ ಮಾರಿದ್ದರೆ ಜಾಸ್ತಿ ಸಿಗುತ್ತಿತ್ತು. ಮೂವತ್ತನಾಲ್ಕು ಸಲ ಫೋಟೋ ತೆಗೆದು, ಚೌಕಾಸಿ ಮಾಡಿ, ಪಾರ್ಸೆಲ್ ಕಟ್ಟುವ ತಾಳ್ಮೆ ನನಗಿಲ್ಲ. ಮುರಿದವನ್ನೂ ಅವರು ಬಿಡಿಭಾಗಕ್ಕೆ ಅಂತ ಖುಷಿಯಿಂದ ತಗೊಂಡರು.

ಮಾರಿದ ಎರಡು ದಿನಕ್ಕೆ ಅಣ್ಣನ ಫೋನು. "ಕೇಳದೇ ಮಾರಿದ್ಯಾ? ಅದರಲ್ಲಿ ಅರ್ಧ ನಂದು ಕಣೋ!" ನಾನು ಸುಮ್ನೆ ಕೇಳಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಫೋಟೋ ಕಳಿಸಿದ. ಹಳೇ ಜಾಮಿಟ್ರಿ ಬಾಕ್ಸ್. ಒಳಗೆ ಹನ್ನೊಂದು ಬಂದೂಕು, ಮೂರು ಹೆಲ್ಮೆಟ್, ಒಂದು ಚೀಲ. ಇಷ್ಟು ವರ್ಷ ಅವನ ಮೇಜಿನ ಡ್ರಾಯರ್‌ನಲ್ಲೇ ಇದ್ದವಂತೆ.

ಎರಡು ನನ್ನ ಕಪಾಟಿನವರಿಗೆ ಹೊಂದಿದವು. ಮಿಕ್ಕವನ್ನು ಕೊಂಡವರಿಗೇ ಕಳಿಸಿದೆ. ದುಡ್ಡು ಕೇಳಲಿಲ್ಲ. ಅಣ್ಣನಿಗೆ ಇನ್ನೂ ಹೇಳಿಲ್ಲ.