ಬೇಡವಾದ ಹಚ್ಚೆ ತೆಗೆಸುವುದು ಹೇಗೆ?

ಹಚ್ಚೆಯ ಶಾಯಿ ಇರುವುದು ಚರ್ಮದ ಮೇಲ್ಪದರದಲ್ಲಲ್ಲ, ಅದರಡಿಯ ಒಳಚರ್ಮದಲ್ಲಿ. ಆದ್ದರಿಂದ ಆನ್‌ಲೈನಿನಲ್ಲಿ ಮಾರುವ ಅಳಿಸುವ ಕ್ರೀಮುಗಳು ಅಲ್ಲಿಗೆ ತಲುಪುವುದೇ ಇಲ್ಲ. ತಲುಪುವಷ್ಟು ತೀಕ್ಷ್ಣವಾದ ಆಮ್ಲ ಚರ್ಮವನ್ನೇ ಸುಡುತ್ತದೆ. ಉಪ್ಪು ಹಚ್ಚಿ ಉಜ್ಜಿದವರಿಗೆ ಎಷ್ಟೋ ಸಲ ಹಚ್ಚೆಯೂ ಉಳಿದು, ಅದರ ಮೇಲೊಂದು ಗಾಯದ ಕಲೆಯೂ ಸೇರಿಕೊಳ್ಳುತ್ತದೆ.

ಸದ್ಯಕ್ಕೆ ನಂಬಬಹುದಾದ ದಾರಿ ಲೇಸರ್. ಸೆಕೆಂಡಿನ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ ಹೊತ್ತಿನ ಬೆಳಕಿನ ಹೊಡೆತಕ್ಕೆ ಶಾಯಿಯ ಕಣ ಒಡೆದು ಚೂರಾಗುತ್ತದೆ. ಆ ಚೂರುಗಳನ್ನು ದೇಹದ ಭಕ್ಷಕ ಕೋಶಗಳು (ಹೊರಗಿನ ಕಣಗಳನ್ನು ನುಂಗುವ ಕೋಶಗಳು) ವಾರಗಟ್ಟಲೆ ನಿಧಾನವಾಗಿ ಸಾಗಿಸುತ್ತವೆ.

ಮೊದಲ ಕೆಲಸ, ಚರ್ಮರೋಗ ತಜ್ಞರ ಬಳಿ ಹೋಗಿ ಯಂತ್ರ ಯಾವುದೆಂದು ಕೇಳುವುದು. ‘ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್’ ಅಥವಾ ‘ಪಿಕೋ’ ಎಂಬ ಉತ್ತರ ಬರಬೇಕು, ಎರಡೂ ಅತಿ ಚಿಕ್ಕ ಹೊಡೆತದ ಲೇಸರ್. ಕೂದಲು ತೆಗೆಯುವ ಐಪಿಎಲ್ ಯಂತ್ರವಾದರೆ ಎದ್ದು ಬನ್ನಿ. ಅದರ ಹೊಡೆತ ದೀರ್ಘ, ಶಾಯಿಯ ಬಿಸಿ ಸುತ್ತಲಿನ ಚರ್ಮಕ್ಕೂ ಹರಡಿ ಸುಡುತ್ತದೆ. ನಮ್ಮ ಕಂದು ಚರ್ಮದ ಮೆಲನಿನ್ ಎಂಬ ಬಣ್ಣದ್ರವ್ಯ ಕೂಡ ಬೆಳಕನ್ನು ಹೀರುತ್ತದೆ. ಅದಕ್ಕೇ ಕಪ್ಪು, ಕಡು ನೀಲಿಗೆ ಮೆಲನಿನ್ ಕಡಿಮೆ ಹೀರುವ 1064 ನ್ಯಾನೋಮೀಟರ್ ತರಂಗಾಂತರದ ಬೆಳಕು ಸುರಕ್ಷಿತ. ಕೆಂಪಿಗೆ 532 ಬೇಕು, ಆದರೆ ಅದರಿಂದ ಚರ್ಮ ಬಿಳಿಚಿಕೊಳ್ಳುವ ಭಯ ಹೆಚ್ಚು. ಹಸಿರು ಹಟಮಾರಿ, 694 ಅಥವಾ 755ರ ಯಂತ್ರ ಬೇಕಾಗುತ್ತದೆ.

ಕೆಲಾಯ್ಡ್ ಗಂಟು (ಗಾಯ ಮಾಗಿದಲ್ಲಿ ಉಬ್ಬಿ ಬೆಳೆಯುವ ಕಲೆ) ಏಳುವ ಸ್ವಭಾವ, ಗರ್ಭ, ಸೇವಿಸುತ್ತಿರುವ ಮಾತ್ರೆ, ಹಚ್ಚೆಯಲ್ಲಿ ತುರಿಕೆ ಇದ್ದರೆ ಮುಚ್ಚಿಡಬೇಡಿ. ತುರಿಸುವ ಕೆಂಪು ಹಚ್ಚೆಯನ್ನು ಒಡೆದರೆ ಅಲರ್ಜಿ ಮೈಯೆಲ್ಲ ಹರಡಬಹುದು. ಸಣ್ಣ ಮೂಲೆಯೊಂದರಲ್ಲಿ ಪರೀಕ್ಷೆ ಮಾಡಿಸಿ, ಸುಮಾರು 4 ವಾರ ಕಾಯಿರಿ. ಬಿಳಿ ಅಥವಾ ಚರ್ಮದ ಬಣ್ಣದ ಶಾಯಿ, ಹುಬ್ಬು-ತುಟಿಯ ಕಾಸ್ಮೆಟಿಕ್ ಹಚ್ಚೆ ಇದ್ದರಂತೂ ಈ ಪರೀಕ್ಷೆ ಬಿಡಲೇಬಾರದು: ಅದರಲ್ಲಿನ ಟೈಟಾನಿಯಂ, ಕಬ್ಬಿಣದ ಆಕ್ಸೈಡ್ ಲೇಸರ್ ತಾಗಿದ ಕ್ಷಣವೇ ಕಪ್ಪಾಗಬಹುದು.

ಚಿಕಿತ್ಸೆಯ ದಿನ ಮರಗಟ್ಟಿಸುವ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಸುಮಾರು 1 ಗಂಟೆ ಬಿಡುತ್ತಾರೆ. ಕಣ್ಣಿಗೆ ರಕ್ಷಕ ಕನ್ನಡಕ ಕಡ್ಡಾಯ, ನಿಮಗೂ ವೈದ್ಯರಿಗೂ. ಹೊಡೆತ ಬಿದ್ದಲ್ಲಿ ಚರ್ಮ ಹಿಮ ಬಿದ್ದಂತೆ ಬೆಳ್ಳಗಾಗುತ್ತದೆ. ಅದು ಅನಿಲದ ಗುಳ್ಳೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ.

ಮನೆಗೆ ಬಂದ ಮೇಲೆ ಪೆಟ್ರೋಲಿಯಂ ಜೆಲ್ಲಿ, ಅಂಟದ ಗಾಜ್ ಬಟ್ಟೆ. ಬೊಬ್ಬೆ ಎದ್ದರೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ. ಗಾಯ ಮಾಗುವವರೆಗೆ ಈಜು ಬೇಡ. ಮಾಗಿದ ಮೇಲೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್. ಕೀವು, ಜ್ವರ, ಹೆಚ್ಚುವ ನೋವು ಕಂಡರೆ ವೈದ್ಯರ ಬಳಿ ಓಡಿ.

ಮುಂದಿನ ಸರದಿ 6ರಿಂದ 8 ವಾರದ ಮೇಲೆ. ಬೇಗ ಮುಗಿಸುವ ಆಸೆಗೆ 2 ವಾರಕ್ಕೇ ಹೊಡೆಸಿಕೊಂಡರೆ ಶಾಯಿ ಹೋಗುವ ವೇಗ ಹೆಚ್ಚುವುದಿಲ್ಲ, ಕಲೆಯ ಸಾಧ್ಯತೆ ಮಾತ್ರ ಹೆಚ್ಚುತ್ತದೆ. ಮಸಿಯಿಂದ ಹುಯ್ದ ಹಳೆಯ ಹಚ್ಚೆ ಬೇಗ ತಿಳಿಯಾಗುತ್ತದೆ, ಪಾರ್ಲರಿನ ದಟ್ಟ ಬಣ್ಣದ್ದು ನಿಧಾನ. ಕುತ್ತಿಗೆಯದಕ್ಕಿಂತ ಕಣಕಾಲಿನದಕ್ಕೆ ಹೆಚ್ಚು ಸರದಿ ಬೇಕು. ಧೂಮಪಾನಿಗಳಿಗೂ ಅಷ್ಟೇ. 6 ಸರದಿ ಎಂದರೂ ಸುಮಾರು 7ರಿಂದ 9 ತಿಂಗಳು. ಸೇನೆ, ಪೊಲೀಸ್ ನೇಮಕಾತಿಗಾಗಿ ತೆಗೆಸುವವರು ವೈದ್ಯಕೀಯ ಪರೀಕ್ಷೆಯ ದಿನಾಂಕದಿಂದ ಹಿಂದಕ್ಕೆ ಲೆಕ್ಕ ಹಾಕಲಿ.

ಬೆರಳುಗುರಿನಷ್ಟು ಚಿಕ್ಕ ಹಚ್ಚೆಯನ್ನು ಕತ್ತರಿಸಿ ಹೊಲಿಗೆ ಹಾಕುವುದೂ ಉಂಟು. ಒಂದೇ ಸಲಕ್ಕೆ ಮುಗಿಯುತ್ತದೆ, ಗೆರೆಯಂಥ ಕಲೆ ಶಾಶ್ವತ. ಎದೆ, ಭುಜದ ಮೇಲೆ ಕೆಲಾಯ್ಡ್ ಏಳುವುದು ಹೆಚ್ಚಾದ್ದರಿಂದ ಅಲ್ಲಿ ಕತ್ತರಿಗಿಂತ ಲೇಸರೇ ವಾಸಿ.