ಮಹಾಯುದ್ಧಕ್ಕೆ ಹೋದ ಅಜ್ಜನ ದಾಖಲೆ ಹುಡುಕುವುದು ಹೇಗೆ?

‘ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದರಂತೆ’ ಎಂಬ ಒಂದೇ ಮಾತು ಹಿಡಿದು ಹುಡುಕಾಟಕ್ಕೆ ಇಳಿಯುವವರೇ ಹೆಚ್ಚು. ಮೊದಲು ಅಜ್ಜನ ಹೆಸರನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಸಿಗದಿದ್ದಾಗ ಲಂಡನ್‌ಗೆ ದುಡ್ಡು ಕಟ್ಟಿ ಅರ್ಜಿ ಹಾಕುತ್ತಾರೆ. ಅಲ್ಲೂ ಇಲ್ಲವೆಂದರೆ ಕೈಚೆಲ್ಲುತ್ತಾರೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಕಡತಗಳಲ್ಲಿರುವುದು ಮುಖ್ಯವಾಗಿ ಅಧಿಕಾರಿಗಳ ಸೇವಾ ದಾಖಲೆ. ಸಿಪಾಯಿ, ನಾಯಕ್, ಹವಾಲ್ದಾರ್‌ಗಳ ದಾಖಲೆ ಅವರವರ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲೇ ಉಳಿಯಿತು. ಕನ್ನಡ ನಾಡಿನ ಅನೇಕ ಮನೆತನಗಳಿಗೆ ಬೇಕಾದ ಕಾಗದ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಇದೆ.

ಮೊದಲ ಹೆಜ್ಜೆ: ನಂಬರ್ ಮತ್ತು ಪಲ್ಟನ್

ಹೆಸರಿನಿಂದ ಶುರು ಮಾಡಬೇಡಿ. ಸೇನೆಗೆ ಬೇಕಾದದ್ದು ಸೈನಿಕನ ನಂಬರ್ ಮತ್ತು ಪಲ್ಟನ್. ಎರಡೂ ಬೇಕು. ಒಂದೇ ನಂಬರ್ ಬೇರೆ ಬೇರೆ ದಳಗಳಲ್ಲಿ ಇನ್ನೊಬ್ಬರಿಗೂ ಇರುತ್ತಿತ್ತು.

ಮನೆಯ ಟ್ರಂಕಿನಲ್ಲಿ ಡಿಸ್ಚಾರ್ಜ್ ಸರ್ಟಿಫಿಕೇಟ್, ಪೇ ಬುಕ್, ಪಿಂಚಣಿ ಪುಸ್ತಕ ಇದೆಯೇ ನೋಡಿ. ಇಲ್ಲದಿದ್ದರೆ ಮಾಜಿ ಸೈನಿಕರೆಂದು ಜಮೀನು ಮಂಜೂರಾಗಿತ್ತೇ ಎಂದು ಮನೆಯ ಹಿರಿಯರನ್ನು ಕೇಳಿ. ತಾಲ್ಲೂಕು ಕಚೇರಿಯ ಮಂಜೂರಾತಿ ಕಡತದಲ್ಲಿ ಡಿಸ್ಚಾರ್ಜ್ ಸರ್ಟಿಫಿಕೇಟಿನ ನಕಲು ಉಳಿದಿರುವ ಸಾಧ್ಯತೆ ಇದೆ. ಪಿಂಚಣಿಯೋ ಸಹಾಯಧನವೋ ಬರುತ್ತಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಬಹುದು.

ಕಾಗದವೆಲ್ಲ ಗೆದ್ದಲು ತಿಂದಿದ್ದರೂ ಪದಕ ಉಳಿದಿರುತ್ತದೆ. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳಲ್ಲಿ ಸಾಮಾನ್ಯವಾಗಿ ನಂಬರ್, ದರ್ಜೆ, ಹೆಸರು, ಪಲ್ಟನ್ ಈ ಕ್ರಮದಲ್ಲಿ ಅಚ್ಚಾಗಿರುತ್ತವೆ. ದುಂಡು ಪದಕವಾದರೆ ಅಂಚಿನಲ್ಲಿ, ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ. ದಯವಿಟ್ಟು ಹುಣಸೆಹಣ್ಣು, ಬೂದಿ, ಪಾಲಿಶ್ ಹಚ್ಚಿ ತಿಕ್ಕಬೇಡಿ. ಅಂಚಿನ ಅಕ್ಷರಗಳ ಆಳ ಕೂದಲೆಳೆಯಷ್ಟು. ನಾಲ್ಕು ಸಲ ತಿಕ್ಕಿದರೆ ‘7’ರ ತಲೆ ಅಳಿದು ‘1’ ಆಗುತ್ತದೆ, ನೀವು ಬೇರೆ ಯಾರದೋ ದಾಖಲೆ ಕೇಳುತ್ತೀರಿ. ಕತ್ತಲೆ ಕೋಣೆಯಲ್ಲಿ ಪದಕವನ್ನು ಕಪ್ಪು ಬಟ್ಟೆಯ ಮೇಲೆ ನಿಲ್ಲಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಅಕ್ಷರಗಳ ನೆರಳು ಎದ್ದು ಕಾಣುತ್ತದೆ. ಸ್ವಲ್ಪ ಸ್ವಲ್ಪ ಉರುಳಿಸುತ್ತಾ ಐದಾರು ಫೋಟೊ ತೆಗೆದುಕೊಳ್ಳಿ.

ಇನ್ನು ಸಂಕ್ಷೇಪಾಕ್ಷರ ಬಿಡಿಸುವುದು. ‘ಎಸ್.ಪಿ.ಆರ್.’ ಎಂದರೆ ಸ್ಯಾಪರ್, ಅಂದರೆ ಎಂಜಿನಿಯರ್ ದಳದ ಸಿಪಾಯಿ. ‘ಜೆ.ಇ.ಎಂ.’ ಎಂದರೆ ಜಮಾದಾರ್, ಇಂದಿನ ನಾಯಬ್ ಸುಬೇದಾರ್. ಪಲ್ಟನ್ ಜಾಗದಲ್ಲಿ ‘3/5’ ಎಂದಿದ್ದರೆ 5ನೇ ರೆಜಿಮೆಂಟಿನ 3ನೇ ಬೆಟಾಲಿಯನ್. 1944ರ ಜುಲೈ 10ರಂದು ಇಟಲಿಯಲ್ಲಿ ಹೋರಾಡಿ ಮಡಿದು, ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಯಶವಂತ ಘಾಡ್ಗೆ ಅವರದ್ದು ಇದೇ 3/5 ಮರಾಠಾ ಲೈಟ್ ಇನ್‌ಫೆಂಟ್ರಿ. ಅದರ ರೆಕಾರ್ಡ್ ಆಫೀಸ್ ಬೆಳಗಾವಿಯಲ್ಲಿದೆ. ‘ಕ್ಯೂ.ವಿ.ಓ. ಮದ್ರಾಸ್ ಎಸ್ ಅಂಡ್ ಎಂ’ ಎಂದಿದ್ದರೆ ಮದ್ರಾಸ್ ಸ್ಯಾಪರ್ಸ್, ಬೆಂಗಳೂರು. ‘ಆರ್.ಐ.ಎ.ಎಸ್.ಸಿ.’ ಸೇನೆಯ ಸರಬರಾಜು ದಳ, ಇಂದಿನ ಎ.ಎಸ್.ಸಿ. (ಆರ್ಮಿ ಸರ್ವಿಸ್ ಕೋರ್), ಅದಕ್ಕೂ ಬೆಂಗಳೂರಿನಲ್ಲೇ ವಿಚಾರಿಸಿ. ಪಯೋನಿಯರ್ ಕೋರ್ ಸಹ ಬೆಂಗಳೂರು. ‘ಐ.ಎ.ಓ.ಸಿ.’ (ಮದ್ದುಗುಂಡು, ಸಾಮಗ್ರಿಯ ಆರ್ಡನೆನ್ಸ್ ದಳ), ‘ಐ.ಇ.ಎಂ.ಇ.’ (ಯಂತ್ರ, ವಾಹನ ದುರಸ್ತಿಯ ದಳ) ಇದ್ದರೆ ಸಿಕಂದರಾಬಾದ್. ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್. ಫಿರಂಗಿ ದಳವಾದರೆ ನಾಸಿಕ್ ರೋಡ್. 1947ರ ನಂತರವೂ ಸೇವೆಯಲ್ಲಿದ್ದವರಿಗೆ ಎರಡು ನಂಬರ್ ಇರಬಹುದು, ಎರಡನ್ನೂ ಬರೆದಿಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಅರ್ಜಿ

ಹೆಚ್ಚಿನವರು ಎಡವುವುದು ಇಲ್ಲೇ. ‘ನಮ್ಮ ಅಜ್ಜನ ಸೇವಾ ದಾಖಲೆ ಕೊಡಿ’ ಎಂದು ಬರೆದರೆ ‘ನಾಶಪಡಿಸಲಾಗಿದೆ’ ಎಂಬ ಉತ್ತರ ಬಂದೀತು. ಅದು ಸುಳ್ಳಲ್ಲ. ಸೇನಾ ನಿಯಮಾವಳಿಯ 595ನೇ ಪ್ಯಾರಾ ಪ್ರಕಾರ, ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಡತವನ್ನು 25 ವರ್ಷಗಳ ನಂತರ ನಾಶ ಮಾಡುತ್ತಾರೆ. ಯುದ್ಧ ಮುಗಿದ ಕೂಡಲೇ ಮನೆಗೆ ಕಳುಹಿಸಿದ ಲಕ್ಷಾಂತರ ಜನ ಈ ಗುಂಪಿಗೇ ಸೇರಿದವರು. ಆದರೆ ಕಡತ ಹೋದರೂ ‘ಲಾಂಗ್ ರೋಲ್’ ಎಂಬ ರಿಜಿಸ್ಟರ್ ಉಳಿಯುತ್ತದೆ. ಭರ್ತಿಯಾದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಸಾಲು. ನೀವು ಕೇಳಬೇಕಾದದ್ದು ಆ ಸಾಲನ್ನು.

ಮಾಹಿತಿ ಹಕ್ಕಿನಡಿ ರೆಕಾರ್ಡ್ ಆಫೀಸಿನ ಮಾಹಿತಿ ಅಧಿಕಾರಿಗೆ ಬರೆಯಿರಿ. ಶುಲ್ಕ ₹10, ಪೋಸ್ಟಲ್ ಆರ್ಡರ್ ಸಾಕು. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಬೆಂಗಳೂರು, ಬೆಳಗಾವಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಕಾನೂನಿನಲ್ಲೇ ಇದೆ. ಆದರೂ ನಂಬರ್, ಹೆಸರು, ಊರನ್ನು ಇಂಗ್ಲಿಷಿನಲ್ಲೂ ಬರೆಯಲೇಬೇಕು, ರಿಜಿಸ್ಟರ್ ಇರುವುದು ಆ ಭಾಷೆಯಲ್ಲಿ. ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿ ಕೇಳಿ: ಈ ನಂಬರಿನ ಲಾಂಗ್ ರೋಲ್ ನಮೂದಿನ ದೃಢೀಕೃತ ನಕಲು, ಭರ್ತಿಯಾದ ದಿನ, ಬಿಡುಗಡೆಯಾದ ದಿನ ಮತ್ತು ಕಾರಣ, ಸೇವೆ ಸಲ್ಲಿಸಿದ ಘಟಕಗಳು, ಪದಕಗಳು. ಮಾಹಿತಿ ಏಕೆ ಬೇಕೆಂದು ಹೇಳಬೇಕೆಂಬ ನಿಯಮವಿಲ್ಲ. ಆದರೂ ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯ ವಂಶವೃಕ್ಷ ಲಗತ್ತಿಸಿದರೆ ಕೆಲಸ ಸಲೀಸು. ‘ಖಾಸಗಿ ಮಾಹಿತಿ’ ಎಂದು ತಿರಸ್ಕರಿಸಿದರೆ ಕಾಯ್ದೆಯ 8(3) ವಿಧಿ ಉಲ್ಲೇಖಿಸಿ. 20 ವರ್ಷ ಹಳೆಯ ಸಂಗತಿಗೆ ಆ ವಿನಾಯಿತಿ ನಿಲ್ಲುವುದಿಲ್ಲ. 30 ದಿನದಲ್ಲಿ ಉತ್ತರ ಬರಬೇಕು. ತೃಪ್ತಿಯಾಗದಿದ್ದರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ. ವಿದೇಶಿ ಪೌರತ್ವ ಪಡೆದವರು ಈ ಅರ್ಜಿ ಹಾಕುವಂತಿಲ್ಲ, ಊರಿನಲ್ಲಿರುವ ಅಣ್ಣನೋ ತಂಗಿಯೋ ಹಾಕಲಿ.

ನಂಬರೇ ಸಿಗದವರಿಗೆ

ಯುದ್ಧದಲ್ಲಿ ಮಡಿದವರಾಗಿದ್ದರೆ ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್ ಉಚಿತ. ಎರಡನೇ ಯುದ್ಧಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗಿನ ಸಾವುಗಳು ಅಲ್ಲಿವೆ. ಹುಡುಕುವಾಗ ಪೂರ್ತಿ ಹೆಸರನ್ನು ಸರ್‌ನೇಮ್ ಕಾಲಂನಲ್ಲಿ ಹಾಕಿ. ಕಿವಿಗೆ ಬಿದ್ದಂತೆ ಗುಮಾಸ್ತರು ಬರೆದುಕೊಂಡಿದ್ದರಿಂದ ಸಿದ್ದಯ್ಯ ‘ಸಿಡಿಯಾ’ ಆಗಿರಬಹುದು, ಬೆಳ್ಳಿಯಪ್ಪ ‘ಬೆಲಿಯಪ್ಪ’ ಆಗಿರಬಹುದು. ಕೊಡವರ ಮನೆತನದ ಹೆಸರು ಬಿಟ್ಟೇಹೋಗಿರಬಹುದು. ಐದಾರು ಕಾಗುಣಿತ ಪ್ರಯತ್ನಿಸದೆ ಬಿಡಬೇಡಿ.

ಊರಿನ ಹೆಸರೂ ಅಷ್ಟೇ. ಮಡಿಕೇರಿ ‘ಮರ್ಕೆರಾ’, ಕುಶಾಲನಗರ ‘ಫ್ರೇಜರ್‌ಪೇಟೆ’, ರಾಮನಗರ ‘ಕ್ಲೋಸ್‌ಪೇಟೆ’, ಪಾಂಡವಪುರ ‘ಫ್ರೆಂಚ್ ರಾಕ್ಸ್’. ಬಳ್ಳಾರಿ, ಮಂಗಳೂರಿನವರು ಮದ್ರಾಸಿನಡಿ. ಧಾರವಾಡ, ವಿಜಯಪುರ, ಕಾರವಾರದವರು ಬೊಂಬಾಯಿಯಡಿ. ಬೀದರ್, ಕಲಬುರಗಿ, ರಾಯಚೂರಿನವರು ಹೈದರಾಬಾದಿನಡಿ. ‘ಮೈಸೂರು’ ಎಂದು ಹುಡುಕಿದರೆ ಇವರಾರೂ ಸಿಗುವುದಿಲ್ಲ.

ದುಡ್ಡು ತೆಗೆದುಕೊಳ್ಳುವ ವಂಶಾವಳಿ ವೆಬ್‌ಸೈಟ್‌ಗಳಿಗೆ ಚಂದಾ ಕಟ್ಟಬೇಡಿ, ಭಾರತೀಯ ಸಿಪಾಯಿಗಳ ಮಟ್ಟಿಗೆ ಅವುಗಳಲ್ಲಿ ಇರುವುದು ತೀರಾ ಕಡಿಮೆ. ಶೌರ್ಯ ಪ್ರಶಸ್ತಿಗೆ ಬ್ರಿಟಿಷ್ ಸರ್ಕಾರದ ರಾಜ್ಯಪತ್ರವಾದ ಲಂಡನ್ ಗೆಜೆಟ್ ಉಚಿತವಾಗಿ ಸಿಗುತ್ತದೆ. ಮೈಸೂರು ಸಂಸ್ಥಾನದ ಪಡೆಗಳಲ್ಲಿದ್ದವರಿಗೆ, 1918ರಲ್ಲಿ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್‌ನವರಿಗೂ ಸೇರಿ, ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಿಂದ ಶುರು ಮಾಡಿ. ಆಜಾದ್ ಹಿಂದ್ ಫೌಜ್ ಸೇರಿದ್ದವರಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ. 1997ರಲ್ಲಿ ರಕ್ಷಣಾ ಸಚಿವಾಲಯ ಮುಕ್ತಗೊಳಿಸಿದ 990 ಕಡತಗಳು ಅಲ್ಲಿವೆ.

ಕೊನೆಯ ಹೆಜ್ಜೆ: ಎಲ್ಲಿ ಹೋರಾಡಿದರು?

ಪದಕವೇ ಅರ್ಧ ಹೇಳುತ್ತದೆ. ಬರ್ಮಾ ಸ್ಟಾರ್ ಕೊಟ್ಟದ್ದು 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರೊಳಗಿನ ಸೇವೆಗೆ. ಆಫ್ರಿಕಾ ಸ್ಟಾರ್‌ಗೆ 1940ರ ಜೂನ್ 10ರಿಂದ 1943ರ ಮೇ 12. ಬರೀ ಇಂಡಿಯಾ ಸರ್ವಿಸ್ ಮೆಡಲ್ ಮತ್ತು ವಾರ್ ಮೆಡಲ್ ಇದ್ದರೆ ಅಜ್ಜ ದೇಶದೊಳಗೇ ಇದ್ದಿರಬಹುದು. ಪದಕ ಕೇಳಿ ಪಡೆಯದವರೂ ಬಹಳ ಇದ್ದರು, ಹಾಗಾಗಿ ಇಲ್ಲದಿರುವುದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ.

ಲಾಂಗ್ ರೋಲ್‌ನಿಂದ ಘಟಕ ಮತ್ತು ದಿನಾಂಕ ಕೈಗೆ ಬಂದ ಮೇಲೆಯೇ ಲಂಡನ್ನಿನ ಸರದಿ. ಅಲ್ಲಿನ ಕ್ಯೂ (Kew) ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಘಟಕಗಳ ಯುದ್ಧ ದಿನಚರಿಗಳಿವೆ. ಕಡತ ಸರಣಿಗಳ ಸಂಖ್ಯೆ ಹೀಗೆ: ಬರ್ಮಾ ರಂಗಕ್ಕೆ ಡಬ್ಲ್ಯು.ಓ. 172, ಮಧ್ಯಪ್ರಾಚ್ಯ, ಉತ್ತರ ಆಫ್ರಿಕಾಕ್ಕೆ 169, ಇಟಲಿಗೆ 170. ಓದುವ ಕೋಣೆಯಲ್ಲಿ ಸ್ವಂತ ಕ್ಯಾಮೆರಾದಿಂದ ಫೋಟೊ ತೆಗೆಯಲು ಹಣ ಕೊಡಬೇಕಿಲ್ಲ, ಅಲ್ಲಿರುವ ನೆಂಟರನ್ನು ಕೇಳಿ. ಸಿಪಾಯಿಯ ಹೆಸರು ದಿನಚರಿಯಲ್ಲಿ ಸಿಗುವುದು ಅಪರೂಪ. ಆದರೆ ಆ ತಿಂಗಳು ಅವರ ಕಂಪನಿ ಯಾವ ನದಿಗೆ ಸೇತುವೆ ಕಟ್ಟುತ್ತಿತ್ತು, ಯಾವ ರಾತ್ರಿ ಎಷ್ಟು ಮೈಲಿ ನಡೆಯಿತು ಎಂಬುದು ದಿನದಿನದ ಲೆಕ್ಕದಲ್ಲಿ ಅಲ್ಲಿದೆ.