ಮುಚ್ಚಿದ ಶಾಲೆಯಲ್ಲಿ ನಾವು ಮಾಡಿದ ಕಾಮಿಕ್ಸ್ ಪ್ರದರ್ಶನ

ಸಾಗರದಲ್ಲಿ ನನ್ನದೊಂದು ಬೈಂಡಿಂಗ್ ಅಂಗಡಿ ಇದೆ. ಕಾಲೇಜು ಹುಡುಗರ ಪ್ರಾಜೆಕ್ಟು, ಸೊಸೈಟಿಯ ಲೆಕ್ಕದ ಪುಸ್ತಕ, ಹೊಲಿಗೆ ಬಿಟ್ಟ ಹಳೇ ಭಾರತ, ಇವೇ ದಿನದ ಕೆಲಸ. ಆದರೆ ಒಂದು ಥರದ ಪುಸ್ತಕ ಬಂದರೆ ಮಾತ್ರ ನಾನು ಕತ್ತರಿ ಕೆಳಗಿಟ್ಟು ಓದುತ್ತಾ ಕೂತುಬಿಡುತ್ತೇನೆ. ವಾರಪತ್ರಿಕೆಯಿಂದ ಕತ್ತರಿಸಿ ಜೋಡಿಸಿಟ್ಟ ಚಿತ್ರಕತೆ, ಒಂದು ವರ್ಷದ ಚಂದಮಾಮ, ಬಾಲಮಂಗಳ, ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರಕಥೆ. ನಮ್ಮ ಕಡೆ ಮನೆಗಳಲ್ಲಿ ಇವನ್ನು ಬಿಸಾಡುತ್ತಿರಲಿಲ್ಲ. ದಾರ ಹಾಕಿ ಹೊಲಿದು, ರಟ್ಟು ಅಂಟಿಸಿ, ಅಟ್ಟಕ್ಕೆ ಹಾಕುತ್ತಿದ್ದರು. ಈಗ ಅಟ್ಟ ಖಾಲಿ ಮಾಡುವ ಕಾಲ. ಹೋದ ವರ್ಷ ಒಂದು ಮನೆಯವರು ಇಂಥ ಎರಡು ಚೀಲ ಪುಸ್ತಕವನ್ನು ಗುಜರಿಗೆ ಹಾಕಲು ಹೊರಟಿದ್ದರು. ದಾರಿಯಲ್ಲಿ ನನ್ನ ಅಂಗಡಿ ಸಿಕ್ಕಿತು, ತೂಕದ ದುಡ್ಡು ಕೊಟ್ಟು ಇಟ್ಟುಕೊಂಡೆ. ಆ ರಾತ್ರಿಯೇ ಅನ್ನಿಸಿತು, ಇದನ್ನು ಊರಿನ ಜನ ನೋಡಬೇಕು ಅಂತ.

ಜಾಗ ಅಂತ ಹುಡುಕಿದಾಗ ಸಿಕ್ಕಿದ್ದು ನಮ್ಮೂರಿನ ಹಳೇ ಪ್ರಾಥಮಿಕ ಶಾಲೆ. ಮಕ್ಕಳಿಲ್ಲ ಅಂತ ಮುಚ್ಚಿ ಕೆಲವು ವರ್ಷ ಆಗಿತ್ತು. ಹೆಂಚಿನ ಮಾಡು, ಎರಡು ಕೋಣೆ, ಮುಂದೆ ಜಗಲಿ. ಜಪಾನಿನ ಕ್ಯೋಟೋದಲ್ಲಿರುವ ಮಂಗಾ (ಅಲ್ಲಿನ ಚಿತ್ರಕತೆ) ಮ್ಯೂಸಿಯಂ ಕೂಡ ಮುಚ್ಚಿದ ಪ್ರಾಥಮಿಕ ಶಾಲೆಯ ಕಟ್ಟಡದಲ್ಲೇ 2006ರಲ್ಲಿ ಶುರುವಾಗಿದ್ದು. ಅಲ್ಲಿ ಸುಮಾರು 50,000 ಪುಸ್ತಕಗಳನ್ನು ಕಪಾಟಿನಲ್ಲಿ ತೆರೆದು ಇಟ್ಟಿದ್ದಾರೆ. ಯಾರು ಬೇಕಾದರೂ ತೆಗೆದು ಓದಬಹುದು, ಹೊರಗೆ ಹುಲ್ಲಿನ ಮೇಲೆ ಮಲಗಿಕೊಂಡೇ ಓದುವವರಿದ್ದಾರೆ. ಅದನ್ನು ತಿಳಿದ ಮೇಲೆ ನನ್ನ ತಲೆಯಲ್ಲಿ ಒಂದು ವಿಷಯ ಗಟ್ಟಿಯಾಯಿತು. ಚಿತ್ರಕತೆಯನ್ನು ಗೋಡೆಗೆ ಹೊಡೆದರೆ ಜನ ನೋಡುತ್ತಾರೆ, ಓದುವುದಿಲ್ಲ. ಓದದಿದ್ದರೆ ಅದು ಚಿತ್ರಕತೆಯೇ ಅಲ್ಲ. ಪುಟ ತಿರುಗಿಸುವ ಕೈ ಬೇಕು. ನಾನು ಮಾಡಿದ ಒಳ್ಳೆಯದು, ಕೆಟ್ಟದ್ದು ಎರಡೂ ಈ ಒಂದು ಮಾತಿನ ಸುತ್ತಲೇ ಇವೆ.

ಸಮಯ ಏಪ್ರಿಲ್ ಕೊನೆಯಿಂದ ಎರಡು ವಾರ ಅಂತ ಇಟ್ಟುಕೊಂಡೆವು. ಅಡಿಕೆ ಕೆಲಸ ಮುಗಿದಿರುತ್ತದೆ, ಬೆಂಗಳೂರಿನ ಮೊಮ್ಮಕ್ಕಳೆಲ್ಲ ಅಜ್ಜನ ಮನೆಗೆ ಬಂದಿರುತ್ತವೆ, ಗಾಳಿಯಲ್ಲಿ ಪಸೆ ಕಡಿಮೆ. ಮಳೆಗಾಲದಲ್ಲಿ ಇಲ್ಲಿ ಹಳೇ ಕಾಗದ ಹೊರಗೆ ತೆಗೆಯುವ ಮಾತೇ ಇಲ್ಲ. ಜುಲೈನಲ್ಲಿ ಗೋಡೆಯೇ ಬೆವರುತ್ತದೆ, ಪುಸ್ತಕದ ಮೇಲೆ ಎರಡೇ ದಿನಕ್ಕೆ ಬೂಷ್ಟು.

ಪುಸ್ತಕ ಕೇಳಿಕೊಂಡು ಸ್ಕೂಟರಿನಲ್ಲಿ ಮನೆಮನೆ ತಿರುಗಿದೆ. ಒಂದು ವಿಷಯ ಗಮನಿಸಿದೆ. ಗಾಜಿನ ಬೀರುವಿನಲ್ಲಿ ಚೆಂದವಾಗಿ ಇಟ್ಟ ಪುಸ್ತಕಗಳಿಗಿಂತ ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿದ್ದವೇ ಗಟ್ಟಿಯಾಗಿ ಉಳಿದಿದ್ದವು. ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿದ್ದವು ನಿಜ, ತೆರೆದರೆ ಸೌದೆ ಒಲೆಯ ವಾಸನೆ. ಆದರೆ ಗೆದ್ದಲು ಮುಟ್ಟಿರಲಿಲ್ಲ, ಬೂಷ್ಟೂ ಇರಲಿಲ್ಲ. ವರ್ಷಪೂರ್ತಿ ಬೆಚ್ಚಗೆ, ಒಣಗಿಕೊಂಡು ಇದ್ದವಲ್ಲ. ಹಾಳು ಮಾಡಿದ್ದು ಜಾಸ್ತಿ ಪ್ರೀತಿಯಿಂದ ಹಚ್ಚಿದ ಸೆಲ್ಲೋಟೇಪು. ಟೇಪಿನ ಅಂಟು ಕಾಗದದೊಳಗೆ ಇಳಿದು ಹಳದಿ ಪಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ತೆಗೆಯುವ ದಾರಿಯೇ ಇಲ್ಲ. ಇನ್ನೊಂದು ತುಕ್ಕು ಹಿಡಿದ ಪಿನ್ನು. ಪಿನ್ನನ್ನು ಎಳೆಯಬಾರದು. ಹಿಂದಿನಿಂದ ಎರಡೂ ಕಾಲು ನೆಟ್ಟಗೆ ಮಾಡಿ, ಚಪ್ಪಟೆ ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದು, ಅದೇ ತೂತಿನಲ್ಲಿ ಹತ್ತಿ ದಾರ ಹಾಕಿ ಹೊಲಿದೆ. ಹುಳ ಇರಬಹುದು ಅನ್ನಿಸಿದ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಪರಿಚಯದ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಟ್ಟೆ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬಾರದು, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ.

ಒಬ್ಬ ಅಜ್ಜಿ ಪುಸ್ತಕ ಕೊಡಲಿಲ್ಲ, ದೇವರ ಕೋಣೆಗೆ ಕರೆದುಕೊಂಡು ಹೋದರು. ದೇವರ ಪಟಗಳ ಸಾಲಿನಲ್ಲಿ ಚಂದಮಾಮದ ಒಂದು ಮುಖಪುಟ, ಫ್ರೇಮು ಹಾಕಿ, ಕುಂಕುಮ ಹಚ್ಚಿ. ಮಹಾಭಾರತದ ಚಿತ್ರ, ಕಲಾವಿದ ಎಂ.ಟಿ.ವಿ. ಆಚಾರ್ಯರದ್ದು. "ನನ್ನ ಮದುವೆಯಾಗಿ ಬಂದಾಗಿಂದ ಇಲ್ಲೇ ಇದೆ ಮಾರಾಯಾ, ಇದು ಪುಸ್ತಕದ್ದು ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದರು. ನಾನು ಕೇಳುವ ಮೊದಲೇ ಅವರೇ ಅಂದರು, ಶನಿವಾರ ಒಂದು ದಿನ ಬಿಟ್ಟು ಎಷ್ಟು ದಿನ ಬೇಕಾದರೂ ಇಟ್ಟುಕೋ ಅಂತ. ಹಾಗೇ ಮಾಡಿದೆವು. ಶುಕ್ರವಾರ ಸಂಜೆ ಮನೆಗೆ, ಭಾನುವಾರ ಬೆಳಿಗ್ಗೆ ಶಾಲೆಗೆ. ಇಡೀ ಪ್ರದರ್ಶನದಲ್ಲಿ ಕುಂಕುಮವನ್ನು ಒರೆಸದೆ ಹಾಗೇ ಇಟ್ಟಿದ್ದು ಇದೊಂದೇ ವಸ್ತು. ಒರೆಸಬಾರದು ಅಂತ ನಾನೇ ಹಟ ಹಿಡಿದೆ. ಆ ಚಿತ್ರ ನಮ್ಮ ಮನೆಗಳಲ್ಲಿ ಹೇಗೆ ಬದುಕಿತ್ತು ಅನ್ನುವುದು ಆ ಕುಂಕುಮದಲ್ಲೇ ಇದೆ, ಅಲ್ವಾ?

ಕಾಪಿರೈಟ್ ಹಕ್ಕಿನ ವಿಷಯ ಒಂದು ಮಾತು. ಪುಟಗಳನ್ನು ಸ್ಕ್ಯಾನ್ ಮಾಡಿ ದೊಡ್ಡ ಫ್ಲೆಕ್ಸ್ ಹೊಡೆಸೋಣ ಅಂತ ನಮ್ಮ ಹುಡುಗರಿಗೆ ಆಸೆ ಇತ್ತು. ಬೇಡ ಅಂದೆ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಇರುವ ಪ್ರತಿಯನ್ನೇ ತೋರಿಸಿದೆವು. ದೊಡ್ಡದು ಮಾಡಿ ಹಾಕಿದ್ದು ಊರಿನ ಮಕ್ಕಳು ಬರೆದ ಚಿತ್ರಗಳನ್ನು ಮಾತ್ರ.

ಆ ಮಕ್ಕಳ ಚಿತ್ರಗಳಿಂದಲೇ ನಾನು ದೊಡ್ಡ ಪಾಠ ಕಲಿತಿದ್ದು. ಹದಿನಾರು ಹಾಳೆಯ ಒಂದು ಕತೆ, ಕೋಣೆಯ ನಡುವೆ ನಾಲ್ಕು ಮುಖದ ಮರದ ಸ್ಟ್ಯಾಂಡು ನಿಲ್ಲಿಸಿ, ಒಂದೊಂದು ಮುಖಕ್ಕೆ ನಾಲ್ಕು ಹಾಳೆ ಹಚ್ಚಿದ್ದೆ. ಶುರುವಾಗುವ ಎರಡು ದಿನ ಮೊದಲು ಅಕ್ಕಪಕ್ಕದವರನ್ನು ಕರೆದು ತೋರಿಸಿದೆ. ಯಾರಿಗೂ ಕತೆ ಅರ್ಥವಾಗಲಿಲ್ಲ. ಸುಮ್ನೆ ಮೂಲೆಯಲ್ಲಿ ನಿಂತು ನೋಡಿದೆ. ಬಂದವರೆಲ್ಲ ಸ್ಟ್ಯಾಂಡಿಗೆ ಪ್ರದಕ್ಷಿಣೆ ಹಾಕುತ್ತಿದ್ದರು! ಯಾರೂ ಹೇಳಿಕೊಟ್ಟಿದ್ದಲ್ಲ, ಕಾಲು ಹಾಗೇ ಹೋಗುತ್ತದೆ. ಪ್ರದಕ್ಷಿಣೆ ಹಾಕುವಾಗ ನಡುವಿನ ವಸ್ತು ಬಲಗೈ ಕಡೆ ಇರುತ್ತದೆ. ಹಾಗೆ ನಡೆಯುತ್ತಾ ಅದರ ಕಡೆ ಮುಖ ಮಾಡಿದರೆ ನಾವು ಬಲದಿಂದ ಎಡಕ್ಕೆ ಹೋಗುತ್ತಿರುತ್ತೇವೆ. ನಮ್ಮ ಓದು ಎಡದಿಂದ ಬಲಕ್ಕೆ. ಹಾಗಾಗಿ ಎಲ್ಲರೂ ಕತೆಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತಿದ್ದರು.

ಆಗ ನೆನಪಾಗಿದ್ದು ತರೀಕೆರೆ ಹತ್ತಿರದ ಅಮೃತಾಪುರ. 1196ರಲ್ಲಿ ಕಟ್ಟಿಸಿದ ಹೊಯ್ಸಳರ ದೇವಸ್ಥಾನ. ಅದರ ಮಂಟಪದ ಹೊರಗೋಡೆಯಲ್ಲಿ 140 ಸಣ್ಣ ಸಣ್ಣ ಚೌಕಗಳಲ್ಲಿ ಕತೆ ಕೆತ್ತಿದ್ದಾರೆ. ದಕ್ಷಿಣದ ಕಡೆ 70 ಚೌಕದಲ್ಲಿ ರಾಮಾಯಣ, ಉತ್ತರದ ಕಡೆ 25ರಲ್ಲಿ ಕೃಷ್ಣನ ಕತೆ, 45ರಲ್ಲಿ ಭಾರತ. ಉತ್ತರದ್ದು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತದೆ. ರಾಮಾಯಣ ಮಾತ್ರ ಅಪ್ರದಕ್ಷಿಣೆಯಾಗಿ, ಅಂದರೆ ನಾವು ಪುಟ ಓದುವ ಹಾಗೆ ಎಡದಿಂದ ಬಲಕ್ಕೆ. ಹಿಂದೆ ಎರಡು ಸಲ ಅಲ್ಲಿಗೆ ಹೋಗಿದ್ದೆ, ಶಿಲ್ಪ ಚೆನ್ನಾಗಿದೆ ಅಂತ ನೋಡಿ ಬಂದಿದ್ದೆ ಅಷ್ಟೇ. ಈ ಸಲ ಬಸ್ಸು ಹತ್ತಿ ಹೋಗಿ, ಒಂದೊಂದು ಚೌಕದ ಮುಂದೆ ನಿಂತು ಹೆಜ್ಜೆ ಎಣಿಸಿದೆ. ಎಂಟು ನೂರು ವರ್ಷದ ಹಿಂದೆ ಇದೇ ಲೆಕ್ಕ ಹಾಕಿದವರು ಇಲ್ಲೇ ಇದ್ದರಲ್ಲ ಅಂತ ಮೈ ಜುಂ ಅಂದಿತು.

ವಾಪಸ್ ಬಂದವನೇ ಸ್ಟ್ಯಾಂಡು ಬಿಚ್ಚಿದೆ. ಹದಿನಾರು ಹಾಳೆಯನ್ನೂ ಕೋಣೆಯ ಒಳಗೋಡೆಗೆ ಹಾಕಿದೆ. ಒಳಗೆ ಅದೇ ದಿಕ್ಕಿನಲ್ಲಿ ಸುತ್ತು ಹಾಕಿದರೆ ಗೋಡೆ ಎಡಗೈ ಕಡೆ ಬರುತ್ತದೆ, ಕತೆ ಎಡದಿಂದ ಬಲಕ್ಕೆ ತಾನಾಗಿ ಓದಿಸಿಕೊಳ್ಳುತ್ತದೆ. ಬಾಣದ ಗುರುತು ಒಂದೂ ಬೇಕಾಗಲಿಲ್ಲ. ಜಪಾನಿನ ಮಂಗಾ ಬಲದಿಂದ ಎಡಕ್ಕೆ ಓದುವಂಥದ್ದು. ಯಾರಾದರೂ ಅದರ ಪ್ರದರ್ಶನ ಇಡುವುದಾದರೆ ನಡುವಿನ ಸ್ಟ್ಯಾಂಡೇ ಸರಿ.

ಇನ್ನು ನನ್ನ ತಪ್ಪು. ಶಾಲೆಯ ಮಾಡಿನಲ್ಲಿ ಎರಡು ಗಾಜಿನ ಹೆಂಚು ಇದ್ದವು. ಜೋಡಿಸುವಾಗೆಲ್ಲ ಸಂಜೆ ಹೊತ್ತು, ಹಾಗಾಗಿ ನನ್ನ ಗಮನಕ್ಕೆ ಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ಹನ್ನೊಂದೂವರೆಗೆ ಒಳಗೆ ಬಂದರೆ ಒಂದು ಅಂಗೈ ಅಗಲದ ಬಿಸಿಲು, ಗಾಜಿನ ಮುಚ್ಚಳದ ಮೇಜಿನ ಮೇಲೆ, ತೆರೆದಿಟ್ಟ ವಾರಪತ್ರಿಕೆಯ ಪುಟದ ಮೇಲೆ ಸರಿಯಾಗಿ ಬಿದ್ದಿದೆ. ಅದು ನ್ಯೂಸ್‌ಪ್ರಿಂಟು. ಮರದ ತಿರುಳಿನ ಅಗ್ಗದ ಕಾಗದ, ಅದರಲ್ಲಿರುವ ಲಿಗ್ನಿನ್ ಅನ್ನುವ ಮರದ ಅಂಶ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಪಕ್ಕದ ಪುಟ ಬೂದು ಬಿಳಿ, ಇದು ಚಹಾ ಚೆಲ್ಲಿದ ಹಾಗೆ. ಮಾಲೀಕರ ಹತ್ತಿರ ಹೋಗಿ ಹೇಳಿ ಕ್ಷಮೆ ಕೇಳಿದೆ. ಅವರು ದೊಡ್ಡ ಮನಸ್ಸು ಮಾಡಿದರು. ನನಗೆ ಮಾತ್ರ ಅದು ಇವತ್ತಿಗೂ ಚುಚ್ಚುತ್ತದೆ. ಮ್ಯೂಸಿಯಂಗಳಲ್ಲಿ ಕಾಗದದ ಮೇಲೆ ಸಾಮಾನ್ಯವಾಗಿ ಬೆಳಕಿನ ಅಳತೆಯಲ್ಲಿ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬಿಡುವುದಿಲ್ಲ. ನಾವು ಹೆಂಚಿನ ಮೇಲೆ ಗೋಣಿಚೀಲ ಹಾಕಿ ಕಲ್ಲು ಹೇರಿದೆವು, ಕಿಟಕಿಗೆ ಹಳೇ ಪಂಚೆ ಕಟ್ಟಿದೆವು. ಅವತ್ತಿನಿಂದ ಮೇಜಿನೊಳಗಿನ ಪುಸ್ತಕಗಳಿಗೆಲ್ಲ ದಿನಾ ಬೆಳಿಗ್ಗೆ ಒಂದು ಪುಟ ತಿರುವಿ ಹಾಕುವುದು ನಿಯಮವಾಯಿತು. ಬೆಳಕು ಒಂದೇ ಪುಟಕ್ಕೆ ಬೀಳುವುದಿಲ್ಲ. ಜೊತೆಗೆ, ನಿನ್ನೆ ಬಂದ ಮಕ್ಕಳು ಇವತ್ತು ಮುಂದಿನ ಪುಟ ಓದಲು ಮತ್ತೆ ಬರತೊಡಗಿದವು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕತೆ ಮುಂದಿನ ವಾರಕ್ಕೆ ಅಂತ ಕಾಯುತ್ತಿದ್ದ ಕಾಲ ಸ್ವಲ್ಪ ತಿರುಗಿ ಬಂದಂಗಾಯಿತು.

ಎರಡನೇ ಕೋಣೆ ಪೂರ್ತಿ ಓದುವುದಕ್ಕೆ. ಚಾಪೆ ಹಾಸಿ, ಎರಡೆರಡು ಪ್ರತಿ ಇದ್ದ ಪುಸ್ತಕಗಳನ್ನೆಲ್ಲ ಅಲ್ಲಿಟ್ಟೆವು. ಬಾಗಿಲಲ್ಲಿ ಒಂದು ಬಕೆಟ್ ನೀರು, ಸೋಪು, ಟವೆಲ್ಲು. ಗ್ಲೌಸ್ ಹಾಕಿಸಬೇಡಿ. ಗ್ಲೌಸಿನಲ್ಲಿ ಪುಟದ ಅಂಚು ಸಿಗದೆ ಹರಿಯುವುದೇ ಜಾಸ್ತಿ, ತೊಳೆದು ಒರೆಸಿದ ಕೈ ಸಾಕು. ಅಲ್ಲಿ ಒಬ್ಬ ಹುಡುಗ ಅಮರ ಚಿತ್ರಕಥೆಯ "ಕೃಷ್ಣ" ಹಿಡಿದುಕೊಂಡು ಬಂದು, ಇದರ ಮೇಲೆ 11 ಅಂತಿದೆ, 1ರಿಂದ 10 ಎಲ್ಲಿ ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಮೊದಲ ಹತ್ತು ನಮ್ಮ ಪುರಾಣದ್ದಲ್ಲ, ಸಿಂಡ್ರೆಲಾ ಥರದ ಪಶ್ಚಿಮದ ಕತೆಗಳು. ಅವು ಮೊದಲು ಬಂದಿದ್ದೂ ಕನ್ನಡದಲ್ಲೇ, 1965ರಲ್ಲಿ, ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅದನ್ನು ನಮ್ಮ ಕತೆಗಳ ಕಡೆ ತಿರುಗಿಸಿದರು. ಇಡೀ ದೇಶ ಓದಿದ ಸರಣಿಯ ಮೊದಲ ಅಕ್ಷರ ಕನ್ನಡ ಅನ್ನುವುದನ್ನು ನಾನು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಹಚ್ಚಿದೆ.

ಅದೇ ಕೃಷ್ಣನ ಮುಖದ ಮೇಲೆ ಒಂದು ಭೂತಗನ್ನಡಿ ದಾರದಲ್ಲಿ ಕಟ್ಟಿ ಇಳಿಬಿಟ್ಟಿದ್ದೆ. ಬರಿಗಣ್ಣಿಗೆ ಮೈಬಣ್ಣ ನುಣ್ಣಗೆ ಕಾಣುತ್ತದೆ, ಗಾಜಿನಲ್ಲಿ ನೋಡಿದರೆ ಬರೀ ಚುಕ್ಕಿ. ನೀಲಿ, ಗುಲಾಬಿ, ಹಳದಿ, ಕಪ್ಪು, ನಾಲ್ಕೇ ಶಾಯಿ. ಒಂದು ಕಡೆ ತುಟಿಯ ಕೆಂಪು ಗೆರೆ ದಾಟಿ ಗಲ್ಲಕ್ಕೆ ಇಳಿದಿತ್ತು. ಪ್ರೆಸ್ಸಿನವರು ರಿಜಿಸ್ಟರ್ ತಪ್ಪಿದೆ ಅನ್ನುತ್ತೇವೆ. ನಾಲ್ಕು ಪ್ಲೇಟು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಹೀಗಾಗುತ್ತದೆ. ಮಕ್ಕಳು ಆಮೇಲೆ ಪ್ರತಿ ಪುಸ್ತಕದಲ್ಲೂ ಇದನ್ನೇ ಹುಡುಕಿದರು.

ಜಗಲಿಯಲ್ಲಿ ಓಡುವ ಚಿತ್ರದ ಡಬ್ಬ ಇಟ್ಟಿದ್ದೆವು. 1830ರ ದಶಕದ ಉಪಾಯ, ಜೊಯಿಟ್ರೋಪ್ ಅಂತ ಹೆಸರು. ಬಣ್ಣದ ದೊಡ್ಡ ಡಬ್ಬಕ್ಕೆ ಸುತ್ತಲೂ ಹನ್ನೆರಡು ಸೀಳು ಹಾಕಿ, ಒಳಗೆ ಹೊರಗೆ ಕಪ್ಪು ಬಳಿದು, ಹಳೇ ಟೇಬಲ್ ಫ್ಯಾನಿನ ಬೇರಿಂಗ್ ಮೇಲೆ ಕೂರಿಸಿದೆ. ಒಳಗೆ ಹನ್ನೆರಡು ಚಿತ್ರದ ಪಟ್ಟಿ. ತಿರುಗಿಸಿ ಸೀಳಿನಲ್ಲಿ ನೋಡಿದರೆ ಚಿತ್ರ ಓಡುತ್ತದೆ. ಮಕ್ಕಳು ಆರಿಸಿಕೊಂಡಿದ್ದು ಅಡಿಕೆ ಕೊಯ್ಲು. ಮರದ ಮೇಲಿಂದ ಅಡಿಕೆ ಕೊನೆ, ಅಂದರೆ ಗೊನೆ, ಹಗ್ಗದಲ್ಲಿ ಜಾರುತ್ತಾ ಬಂದು, ಕೆಳಗಿನವರ ಕೈಗೆ ಸಿಕ್ಕಿ, ಮತ್ತೆ ಮೇಲೆ ಹೊಸದು ಕಾಣಿಸಿಕೊಳ್ಳುವುದು. ಒಬ್ಬಳು ಹದಿಮೂರು ಚಿತ್ರ ಬರೆದು ತಂದಳು. ಸೀಳು ಹನ್ನೆರಡು, ಚಿತ್ರ ಹದಿಮೂರು. ತಿರುಗಿಸಿದರೆ ಕೊನೆ ಇಳಿಯುವುದರ ಜೊತೆಗೆ ಇಡೀ ಮರವೇ ಪಕ್ಕಕ್ಕೆ ನಡೆಯಿತು! ಹನ್ನೆರಡರ ಪಟ್ಟಿಯಲ್ಲಿ ಮರ ನಿಂತಲ್ಲೇ ನಿಲ್ಲುತ್ತದೆ, ಲೆಕ್ಕ ಒಂದು ಹೆಚ್ಚು ಕಡಿಮೆಯಾದರೆ ಚಿತ್ರ ತೇಲಿಕೊಂಡು ಹೋಗುತ್ತದೆ. ಎರಡೂ ಪಟ್ಟಿಯನ್ನು ಇಟ್ಟೆವು. ಜಾಸ್ತಿ ಹೊತ್ತು ಸಾಲು ನಿಂತಿದ್ದು ಅವಳ ಹದಿಮೂರಕ್ಕೆ.

ಇಂಥದ್ದನ್ನು ಮಾಡಬೇಕು ಅನ್ನುವವರು ಒಮ್ಮೆ ಹೊಸನಗರ ತಾಲೂಕಿನ ಅರಸಾಳಿಗೆ ಹೋಗಿ ಬನ್ನಿ. ಶಂಕರ್ ನಾಗ್ ಮಾಲ್ಗುಡಿ ಡೇಸ್ ಧಾರಾವಾಹಿಗೆ ಬಳಸಿದ ಹಳೇ ರೈಲು ನಿಲ್ದಾಣವನ್ನು 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಟೀವಿಯಲ್ಲಿ ನೋಡಿದ ಜಾಗದಲ್ಲೇ ನಿಂತು ಆ ಊರನ್ನು ನೆನಪಿಸಿಕೊಳ್ಳುವ ಸುಖ ಬೇರೆ.

ಮೇ ಎರಡನೇ ವಾರ ಮಳೆ ಮೋಡ ಕಟ್ಟಿತು. ಎರಡೇ ದಿನದಲ್ಲಿ ಎಲ್ಲವನ್ನೂ ಮನೆಮನೆಗೆ ಮುಟ್ಟಿಸಿದೆ, ಪಟ್ಟಿಯಲ್ಲಿ ಟಿಕ್ ಹಾಕಿ, ಒಂದೊಂದಕ್ಕೂ ಪಸೆ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು. ಕೊನೆಗೆ ಒಂದು ಪುಸ್ತಕ ಉಳಿಯಿತು. ಯಾರೋ ಪಟ್ಟಿಯಲ್ಲಿ ಬರೆಸದೆ ಓದುವ ಕೋಣೆಯ ಚಾಪೆಯ ಮೇಲೆ ಇಟ್ಟು ಹೋಗಿದ್ದಾರೆ. ಕತ್ತರಿಸಿ ಹೊಲಿದ ಚಿತ್ರಕತೆಗಳ ಕಟ್ಟು, ಹಸಿರು ಕ್ಯಾಲಿಕೋ ಬಟ್ಟೆಯ ಬೆನ್ನು, ಹೊಗೆ ವಾಸನೆ. ಮೊದಲ ಪುಟದಲ್ಲಿ ಪೆನ್ಸಿಲಿನಲ್ಲಿ "ಅಣ್ಣ ಓದಿ ಆದಮೇಲೆ ನಂದು" ಅಂತ ಬರೆದಿದೆ. ನಿಮ್ಮ ಮನೆಯದಾಗಿದ್ದರೆ ಅಂಗಡಿಗೆ ಬನ್ನಿ. ಬಿಟ್ಟುಹೋಗಿದ್ದ ಎರಡು ಹೊಲಿಗೆ ಹಾಕಿ, ಕಬೋರ್ಡಿನ ಮೇಲಿನ ತಟ್ಟಿನಲ್ಲಿ ಎತ್ತಿಟ್ಟಿದ್ದೇನೆ.